ಜ್ವರ ಒಂದೇ, ಜೀವಿ ಬೇರೆ

ಮಳೆಗಾಲ ಬಂತೆಂದರೆ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಮನೆಗಳಲ್ಲಿ ಜ್ವರದ ಮಾತೇ ಮಾತು. ಹಿಂದೊಮ್ಮೆ ಫಲಿಸಿದ ಆ್ಯಂಟಿಬಯಾಟಿಕ್ ಮಾತ್ರೆಯನ್ನೇ ವೈದ್ಯರನ್ನು ಕೇಳದೆ ಮತ್ತೆ ನುಂಗುವ ರೂಢಿ ನಮ್ಮ ಸದ್ಭಕ್ತರಲ್ಲೂ ಉಂಟು. ಇದೇಕೆ ಸಲ್ಲದೆಂದು ಅರಿಯಲು ಸೂಕ್ಷ್ಮಜೀವಿಗಳ ವರ್ಗೀಕರಣವನ್ನು ತುಸು ತಿಳಿಯೋಣ.

ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕ್ರಿಮಿಗಳೂ ಉಂಟೆಂದು ಚರಕಸಂಹಿತೆ ಹೇಳುತ್ತದೆ. ಅಲ್ಲಿ 20 ಬಗೆಯ ಕ್ರಿಮಿಗಳನ್ನು ಅವು ಹುಟ್ಟುವ ನೆಲೆಯಿಂದ ವಿಂಗಡಿಸಲಾಗಿದೆ. ಆಧುನಿಕ ವಿಜ್ಞಾನವು ದೇಹರಚನೆಯನ್ನು ಮುಖ್ಯವಾಗಿ ಗಮನಿಸುತ್ತದೆ. 18ನೆಯ ಶತಮಾನದಲ್ಲಿ ಲಿನೇಯಸ್ ಜೀವಿಗಳನ್ನು ಸಸ್ಯ, ಪ್ರಾಣಿ ಎಂದು ಎರಡಾಗಿಸಿದರೆ, 1969ರಲ್ಲಿ ವಿಟೇಕರ್ ಐದು ಸಾಮ್ರಾಜ್ಯಗಳನ್ನು ಸೂಚಿಸಿದರು. ಕೋಶಕೇಂದ್ರವಿಲ್ಲದ ಬ್ಯಾಕ್ಟೀರಿಯಗಳು ಮೊನೆರಾ, ಮಲೇರಿಯದ ಪರಾವಲಂಬಿಯಂತಹ, ಕೋಶಕೇಂದ್ರವುಳ್ಳ ಏಕಕೋಶ ಜೀವಿಗಳು ಪ್ರೊಟಿಸ್ಟಾ, ಗಜಕರ್ಣವನ್ನುಂಟುಮಾಡುವುದು ಶಿಲೀಂಧ್ರ, ಉಳಿದವು ಸಸ್ಯ ಮತ್ತು ಪ್ರಾಣಿ. ವೈರಸ್ಸಿಗೆ ಈ ಐದರಲ್ಲಿಯೂ ಸ್ಥಾನವಿಲ್ಲ. ಅದು ಜೀವಕೋಶವೇ ಅಲ್ಲ. ಅನ್ಯ ಜೀವಕೋಶವನ್ನು ಹೊಕ್ಕಾಗ ಮಾತ್ರ ವೃದ್ಧಿಯಾಗುತ್ತದೆ.

ಈ ಭೇದದಲ್ಲಿಯೇ ಚಿಕಿತ್ಸೆಯ ಮರ್ಮವಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಔಷಧವಿರಲಿಲ್ಲ. ಇಕ್ಕಟ್ಟಾದ ಪೇಟೆಯ ಹೊರಗೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದುದಕ್ಕೆ ಆ ಮಾರಿಯೂ ಕಾರಣ. ಇಲಿಯ ಚಿಗಟದಿಂದ ಹರಡುವ ಆ ರೋಗದ ಮೂಲ ಬ್ಯಾಕ್ಟೀರಿಯ. ಆದ್ದರಿಂದ ಇಂದು ಸ್ಟ್ರೆಪ್ಟೊಮೈಸಿನ್‌ನಂತಹ ಆ್ಯಂಟಿಬಯಾಟಿಕ್ ಅದನ್ನು ಗುಣಪಡಿಸಬಲ್ಲದು. ಅದೇ ಬಡಾವಣೆಗಳನ್ನು ಇಂದು ಕಾಡುವ ಡೆಂಗಿಯ ಮೂಲ ವೈರಸ್. ಆ್ಯಂಟಿಬಯಾಟಿಕ್ಕುಗಳು ಬ್ಯಾಕ್ಟೀರಿಯದ ಕೋಶಭಿತ್ತಿಯನ್ನೋ, ಅದು ಪ್ರೋಟೀನು ತಯಾರಿಸುವ ವ್ಯವಸ್ಥೆಯನ್ನೋ ಕೆಡಿಸುತ್ತವೆ. ವೈರಸ್ಸಿಗೆ ಅವೆರಡೂ ಇಲ್ಲದಿರುವಾಗ ಮಾತ್ರೆ ಯಾವುದನ್ನು ಕೆಡಿಸೀತು?

ವೃಥಾ ನುಂಗಿದ ಮಾತ್ರೆ ಕರುಳಿನ ಹಿತಕರ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ. ಮಾತ್ರೆಗೆ ಜಗ್ಗದವು ಉಳಿದು ಬೆಳೆಯುತ್ತವೆ. ಮುಂದೆ ನಿಜವಾಗಿ ಟೈಫಾಯಿಡ್ ಬಂದಾಗ ಅದೇ ಔಷಧ ಸೋಲಬಹುದು.

ಆದ್ದರಿಂದ ಜ್ವರ ಬಂದರೆ ವೈದ್ಯರನ್ನು ಕಂಡು, ಅವರು ಹೇಳಿದ ರಕ್ತಪರೀಕ್ಷೆ ಮಾಡಿಸಿರಿ. ಟೈಫಾಯಿಡ್ ಎಂದಾದರೆ ಆ್ಯಂಟಿಬಯಾಟಿಕ್ಕನ್ನು ಹೇಳಿದಷ್ಟು ದಿನವೂ ಸೇವಿಸಿರಿ. ಡೆಂಗಿಯ ಸಂದೇಹವಿದ್ದರೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ತೀವ್ರ ಹೊಟ್ಟೆನೋವು, ಮರುಕಳಿಸುವ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಜ್ವರ ಇಳಿದ ಮೇಲೆಯೂ ಅಪಾಯವುಂಟು. ಕಷಾಯವನ್ನು ನಂಬಿ ಕಾಯುವುದು ತರವಲ್ಲವೆಂದು ಆಯುರ್ವೇದ ವೈದ್ಯರಾದ ನಾವೇ ಹೇಳುತ್ತಿದ್ದೇವೆ. ರೋಗವನ್ನು ಮೊದಲು ಪರೀಕ್ಷಿಸು, ಔಷಧ ಆಮೇಲೆ ಎಂಬುದೇ ನಮ್ಮ ಶಾಸ್ತ್ರದ ಕ್ರಮವೂ ಹೌದು.