‘ಇಫ್’ ಇಲ್ಲದ ‘ರೆ’

ಇಂಗ್ಲಿಷ್ ಬಾಡಿಗೆ ಕರಾರುಪತ್ರಗಳಲ್ಲಿ ‘ಶುಡ್ ದ ಟೆನೆಂಟ್ ಫೇಲ್ ಟು ಪೇ’ ಎಂದು ಆರಂಭವಾಗುವ ವಾಕ್ಯವನ್ನು ಕಂಡು ತಬ್ಬಿಬ್ಬಾಗುವವರುಂಟು. ‘ಶುಡ್’ ಎಂದರೆ ಕರ್ತವ್ಯವನ್ನು ಸೂಚಿಸುವ ಪದವಲ್ಲವೆ? ಬಾಡಿಗೆದಾರನು ಹಣ ಕೊಡದಿರತಕ್ಕದ್ದೆಂದು ಯಾವ ಮನೆಯೊಡೆಯನು ಬರೆಸಿಕೊಂಡಾನು! ‘ಕೊಡಲು ತಪ್ಪಿದರೆ’ ಎಂಬುದಷ್ಟೇ ಅಲ್ಲಿನ ಅರ್ಥ. ‘ಇಫ್’ ಎಂಬ ಪದವು ಮರೆಯಾಗಿ, ಅದರ ಕೆಲಸವನ್ನು ಸಹಾಯಕ ಕ್ರಿಯಾಪದವು ವಹಿಸಿಕೊಂಡು, ಕರ್ತೃಪದಕ್ಕಿಂತ ಮುಂದೆ ಬಂದು ನಿಂತಿದೆ.

ಜರ್ಮನ್ ಭಾಷೆಯಲ್ಲಿ ಯಾವ ಕ್ರಿಯಾಪದವಾದರೂ ಹೀಗೆ ಮುಂದೆ ಬರಬಹುದು. ಇಂದಿನ ಇಂಗ್ಲಿಷಿನಲ್ಲಿ ಈ ಹಕ್ಕು ಉಳಿದಿರುವುದು ಮುಖ್ಯವಾಗಿ ಶುಡ್, ಹ್ಯಾಡ್, ವರ್ ಎಂಬ ಮೂರಕ್ಕೆ. ‘ಶುಡ್’ ಮುಂದೆ ನಡೆಯಬಹುದಾದುದನ್ನು ಹೇಳುತ್ತದೆ. ‘ಹ್ಯಾಡ್ ಐ ನೋನ್’, ಅಂದರೆ ‘ನನಗೆ ತಿಳಿದಿದ್ದರೆ’ ಎಂಬಲ್ಲಿ, ತಿಳಿದಿರಲಿಲ್ಲವೆಂಬುದು ಹೇಳದೆಯೇ ವ್ಯಕ್ತವಾಗುತ್ತದೆ. ಇದನ್ನು ನಿಷೇಧಿಸುವಾಗ ‘ನಾಟ್’ ಪದವು ಬಿಡಿಯಾಗಿ, ಕರ್ತೃವಿನ ನಂತರವೇ ಬರಬೇಕು. ‘ಹ್ಯಾಡಂಟ್’ ಎಂಬ ಸಂಕ್ಷೇಪ ಇಲ್ಲಿ ಸಲ್ಲದು.

ಕುತೂಹಲಕರವಾದುದು ‘ವರ್’. ‘ಐ’ ಎಂಬುದರೊಡನೆ ‘ವಾಸ್’ ಬರಬೇಕೆಂದು ನಾವು ಶಾಲೆಯಲ್ಲಿ ಉರುಹೊಡೆದವರು. ಆದರೆ ವಾಸ್ತವವಲ್ಲದ್ದನ್ನು ಊಹಿಸುವಾಗ ‘ವರ್ ಐ ರಿಚ್’ ಎನ್ನಬೇಕು. ಇದೇ ಸಬ್ಜಂಕ್ಟಿವ್. ಕೆಲವೇ ಪ್ರಯೋಗಗಳನ್ನು ಬಿಟ್ಟರೆ ಅದು ಸಾಯುತ್ತಿರುವ ರೂಪವೆಂದು ಫೌಲರ್ 1926ರಲ್ಲೇ ತೀರ್ಮಾನಿಸಿದ್ದರು. ಆಡುಮಾತಿನಲ್ಲಿ ‘ಇಫ್ ಐ ವಾಸ್’ ಎನ್ನುವ ಆಂಗ್ಲರು ಅನೇಕರಿದ್ದಾರೆ. ಅವರೂ ‘ಇಫ್’ ಬಿಟ್ಟು ‘ವಾಸ್ ಐ ರಿಚ್’ ಎನ್ನಲಾರರು. ಎಂದರೆ ಅದು ‘ನಾನು ಶ್ರೀಮಂತನಾಗಿದ್ದೆನೆ?’ ಎಂಬ ಪ್ರಶ್ನೆಯಾಗಿಬಿಡುತ್ತದೆ. ಸಾಯಬೇಕಾದ ರೂಪವನ್ನು ಪದಗಳ ಸ್ಥಾನವೇ ಕಾಪಾಡಿದೆ.

ಭೂತಕಾಲದ ರೂಪವು ಊಹೆಗೆ ಒದಗುವುದು ಕನ್ನಡಿಗರಿಗೆ ವಿಚಿತ್ರವೆನಿಸಬೇಕಾಗಿಲ್ಲ. ‘ನಾಳೆ ಮಳೆ ಬಂದರೆ’ ಎನ್ನುವಾಗ ನಾವೂ ‘ಬಂದ’ ಎಂಬ ಭೂತರೂಪಕ್ಕೇ ‘ರೆ’ ಸೇರಿಸುತ್ತೇವೆ. ನಮ್ಮಲ್ಲಿ ಷರತ್ತು ಕ್ರಿಯಾಪದದ ಬಾಲದಲ್ಲಿರುವುದರಿಂದ ಸ್ಥಾನಪಲ್ಲಟದ ಅಗತ್ಯವಿಲ್ಲ, ಅಷ್ಟೆ.

ಅನುವಾದಕರ ಕಷ್ಟ ಬೇರೆ. ಇಂಗ್ಲಿಷಿನ ಈ ವಾಕ್ಯಕ್ರಮದಲ್ಲಿ ಒಂದು ಗಾಂಭೀರ್ಯವಿದೆ. ಅದನ್ನು ತರಲೆಂದು ಎಲ್ಲೆಡೆಯೂ ‘ಒಂದು ವೇಳೆ’ ಎಂದು ತುರುಕುವುದು ವ್ಯರ್ಥ. ಕರಾರಿನ ‘ಶುಡ್’ಗೆ ನಮ್ಮ ಪತ್ರಬರಹಗಾರರ ‘ತಪ್ಪಿದ ಪಕ್ಷದಲ್ಲಿ’ ಎಂಬುದು ಚೆನ್ನಾಗಿ ಒಪ್ಪುತ್ತದೆ. ಆದರೆ ಕಾದಂಬರಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿ ‘ಹ್ಯಾಡ್ ಐ ನೋನ್’ ಎಂದಾಗ, ‘ನನಗೆ ತಿಳಿದಿದ್ದ ಪಕ್ಷದಲ್ಲಿ’ ಎಂದು ಬರೆದರೆ ಆಕೆ ಕಚೇರಿಯ ಗುಮಾಸ್ತೆಯಾಗುತ್ತಾಳೆ. ಅಲ್ಲಿ ‘ನನಗೆ ತಿಳಿದಿದ್ದರೆ...’ ಎಂದಷ್ಟೇ ಬರೆದು ನಿಲ್ಲಿಸಬೇಕು.