ಎರಡೂ ಕಣ್ಣು ಕಾಣ್ತಾ ಇದೆಯಾ?

ಮಕ್ಕಳೇ, ಮೊದಲು ಒಂದು ಚಿಕ್ಕ ಪ್ರಯೋಗ. ಎಡಗಣ್ಣನ್ನು ಒತ್ತದೆ ಅಂಗೈಯಿಂದ ಮುಚ್ಚಿ, ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ. ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಎರಡರಲ್ಲೂ ಒಂದೇ ಥರ ಕಾಣಿಸಿತಾ?

ನಮ್ಮ ಮಗಳಿಗೆ ಒಂದನೇ ಕ್ಲಾಸಿನಲ್ಲಿ ಹಾಗೆ ಕಾಣುತ್ತಿರಲಿಲ್ಲ. ನಮಗದು ಗೊತ್ತೇ ಆಗಲಿಲ್ಲ! ಚೆನ್ನಾಗಿ ಓದುತ್ತಿದ್ದಳು, ರಂಗೋಲಿಗೆ ಬಣ್ಣ ತುಂಬುತ್ತಿದ್ದಳು. ಟೆಕ್ಸಸ್ ನಿಯಮದ ಪ್ರಕಾರ ಕಿಂಡರ್‌ಗಾರ್ಟನ್, 1, 3, 5 ಮತ್ತು 7ನೇ ತರಗತಿಗಳಲ್ಲಿ ಶಾಲೆಯಲ್ಲೇ ಕಣ್ಣಿನ ತಪಾಸಣೆ ಆಗುತ್ತದೆ. ಅದರ ಚೀಟಿ ಎರಡು ವಾರ ಬ್ಯಾಕ್‌ಪ್ಯಾಕ್‌ನಲ್ಲೇ ಉಳಿದಿತ್ತು. ಸಿಕ್ಕಿದ ಮೇಲೂ, ‘ಇವಳಿಗೇನು, ಚೆನ್ನಾಗೇ ಕಾಣುತ್ತಲ್ಲ’ ಅಂದುಕೊಂಡೆ. ಕಣ್ಣಿನ ಡಾಕ್ಟರು ನೋಡಿ ಹೇಳಿದ ಹೆಸರು ಆಂಬ್ಲಿಯೋಪಿಯಾ, ಅಂದರೆ ‘ಸೋಮಾರಿ ಕಣ್ಣು’.

ಇದು ಹೇಗಾಗುತ್ತೆ? ಕಣ್ಣು ಕ್ಯಾಮೆರಾ ಇದ್ದ ಹಾಗೆ, ಚಿತ್ರವನ್ನು ಅರ್ಥ ಮಾಡಿಕೊಳ್ಳುವುದು ಮೆದುಳು. ಒಂದು ಕಣ್ಣಿನ ಪವರ್ ಬೇರೆ ಇದ್ದರೆ, ಅಥವಾ ಮೆಳ್ಳೆಗಣ್ಣಾದರೆ, ಮೆದುಳು ಮಸುಕಾದ ಚಿತ್ರವನ್ನು ಬಿಟ್ಟು ಚೆನ್ನಾಗಿರುವುದನ್ನೇ ಬಳಸುತ್ತದೆ. ಬಳಸದ ಕಣ್ಣಿನಿಂದ ನೋಡುವುದನ್ನು ಮೆದುಳು ಕಲಿಯುವುದೇ ಇಲ್ಲ. ಸುಮಾರು 7 ವರ್ಷದೊಳಗೆ ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪ್ಯಾಚ್ ಕಟ್ಟಿದರೆ ಫಲಿತಾಂಶ ಚೆನ್ನಾಗಿರುತ್ತದೆ. ದೊಡ್ಡ ಮಕ್ಕಳಿಗೂ ಉಪಯೋಗವಾಗಬಹುದು, ಆದರೆ ತಡವಾದಷ್ಟೂ ಕಷ್ಟ. ಹಾಗೇ ಬಿಟ್ಟರೆ ಆ ಕಣ್ಣಿನ ದೃಷ್ಟಿ ಜೀವನಪರ್ಯಂತ ಮಂದವಾಗೇ ಉಳಿಯಬಹುದು.

ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ದೃಷ್ಟಿ ಹೋಯಿತು ಅಂದರೆ ಹೆಚ್ಚಾಗಿ ಕಣ್ಣಿನ ಪೊರೆ. ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಅದಕ್ಕೆ ಆಪರೇಷನ್ ಮಾಡುತ್ತಿದ್ದರು. ಬಡತನವಿದ್ದ ಕಡೆ ಪುಟ್ಟ ಮಕ್ಕಳಿಗೆ ವಿಟಮಿನ್ ಎ ಕೊರತೆಯಿಂದ ಇರುಳುಗಣ್ಣು ಬರುತ್ತಿತ್ತು, ಕೆಲವರು ಪೂರ್ತಿ ಕುರುಡಾಗುತ್ತಿದ್ದರು. ನಮ್ಮ ಶಾಲೆಯ ಮಕ್ಕಳಲ್ಲಿ ಹೆಚ್ಚು ಕಾಣುವುದು ಸಮೀಪದೃಷ್ಟಿ: ಕಣ್ಣುಗುಡ್ಡೆ ಉದ್ದವಾಗಿ ಬೆಳೆದು ದೂರದ ಬೋರ್ಡು ಮಸುಕಾಗುತ್ತದೆ. ಕನ್ನಡಕ ಹಾಕಿದರೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಪವರ್ ತುಂಬಾ ಹೆಚ್ಚಾದರೆ ಮುಂದೆ ರೆಟಿನಾ ಕಳಚುವ ಅಪಾಯವಿದೆ. ದಿನಕ್ಕೆ ಸುಮಾರು 2 ಗಂಟೆ ಹೊರಗೆ ಆಡುವ ಮಕ್ಕಳಿಗೆ ಇದು ಬರುವ ಸಾಧ್ಯತೆ ಕಡಿಮೆ. ಇಲ್ಲಿಯ ಬೇಸಿಗೆಯಲ್ಲಿ ಬೆಳಿಗ್ಗೆ ಅಥವಾ ಸಂಜೆ ಪಾರ್ಕಿಗೆ ಹೋಗಿ.

ಪೋಷಕರೇ, ಟಿವಿ ಹತ್ತಿರ ಹೋಗಿ ಕೂರುವುದು, ಕಣ್ಣು ಕಿರಿದು ಮಾಡಿ ನೋಡುವುದು, ತಲೆ ಓರೆ ಮಾಡುವುದು, ಇವನ್ನು ಗಮನಿಸಿ. ಫ್ಲ್ಯಾಶ್ ಫೋಟೋದಲ್ಲಿ ಕಣ್ಣಿನ ಪಾಪೆ ಬೆಳ್ಳಗೆ ಕಂಡರೆ ಕಾಯಬೇಡಿ, ಕೂಡಲೇ ಡಾಕ್ಟರಿಗೆ ತೋರಿಸಿ. ದೀಪಾವಳಿ ಪಟಾಕಿ ಹಚ್ಚುವಾಗ ಮಕ್ಕಳಿಗೆ ರಕ್ಷಣಾ ಕನ್ನಡಕ ಹಾಕಿಸಿ.

ನಮ್ಮ ಮಗಳು ಪ್ಯಾಚ್ ಹಾಕಿಕೊಳ್ಳಲು ಮೊದಮೊದಲು ಅಳುತ್ತಿದ್ದಳು. ಅಜ್ಜಿ ವಿಡಿಯೋ ಕಾಲಿನಲ್ಲಿ ಕಥೆ ಹೇಳುವ ಹೊತ್ತಿಗೆ ಸರಿಯಾಗಿ ಕಟ್ಟುವುದು ಅಭ್ಯಾಸವಾಯಿತು. ಈಗ ಆ ಕಣ್ಣೊಂದರಿಂದಲೇ ‘ಪ’ ಮತ್ತು ‘ಷ’ ಬೇರೆ ಬೇರೆ ಅಂತ ಗುರುತಿಸುತ್ತಾಳೆ.

ಮಕ್ಕಳಿಗೆ ತಮಗೆ ಸರಿಯಾಗಿ ಕಾಣುತ್ತಿಲ್ಲ ಅನ್ನುವುದೇ ಗೊತ್ತಿರುವುದಿಲ್ಲ. ಎಲ್ಲರಿಗೂ ಹೀಗೇ ಕಾಣುತ್ತೆ ಅಂದುಕೊಂಡಿರುತ್ತಾರೆ. ಆದ್ದರಿಂದ ಇವತ್ತೇ ಬ್ಯಾಕ್‌ಪ್ಯಾಕ್ ಒಮ್ಮೆ ನೋಡಿ. ಅಡಿಯಲ್ಲಿ ಒಂದು ಚೀಟಿ ಇರಬಹುದು!