ಚಾವಡಿಯ ಸೆಟ್ಟಿಗೆ ಇನ್ನೂ ಜೀವವಿದೆ

ಮೇ ತಿಂಗಳ ಕೊನೆಯ ವಾರ ಪತ್ತನಾಜೆ ಬಂತೆಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆಗಾಲ ಮುಗಿಯುವ ತನಕ ಗದ್ದೆಯಲ್ಲಿ ಬಯಲಾಟವಿಲ್ಲ. ಪುತ್ತೂರು ತಾಲೂಕಿನ ಕೆದಂಬಾಡಿಯಂಥ ಊರುಗಳಲ್ಲಿ ಆ ತಿಂಗಳುಗಳ ಸಂಜೆಯನ್ನು ಬಹಳ ವರ್ಷ ತುಂಬಿಸಿದ್ದು ಚಾವಡಿಯ ಮೂಲೆಯಲ್ಲಿ ಕೂತ ಸ್ಟೀರಿಯೊ ಸೆಟ್ಟು. ನಡುವೆ ರೇಡಿಯೊ, ಸಿಡಿ ಪ್ಲೇಯರ್. ಆಚೀಚೆ ಎರಡು ಸ್ಪೀಕರ್. ಎಷ್ಟೋ ಮನೆಗಳಿಗೆ ಅದನ್ನು ತಂದದ್ದು ಗಲ್ಫಿನಿಂದ ರಜೆಗೆ ಬಂದ ಮಗ ಅಥವಾ ಅಳಿಯ.

ಈಗ ಅದರ ಮೇಲೆ ಬಟ್ಟೆ ಹೊದಿಸಿದೆ. ಕೇಳಿದರೆ, "ಅದು ಹಾಳಾಗಿದೆ ಮಾರಾಯ್ರೆ, ರೇಡಿಯೊ ಹಿಡಿಯುವುದಿಲ್ಲ, ಸಿಡಿ ಓದುವುದಿಲ್ಲ" ಎಂಬ ಉತ್ತರ. ಹೀಗೆ ಮೂಲೆಗೆ ಬಿದ್ದ ಸೆಟ್ಟುಗಳಲ್ಲಿ ಹಲವು ಹಾಳಾಗಿಯೇ ಇರುವುದಿಲ್ಲ. ಅವುಗಳಿಂದ ಕೆಲಸ ತೆಗೆಯುವ ಬಗೆ ಮನೆಯವರಿಗೆ ಮರೆತುಹೋಗಿರುತ್ತದೆ, ಅಷ್ಟೆ.

ಮೊದಲು ರೇಡಿಯೊ. ಮಂಗಳೂರು ಆಕಾಶವಾಣಿ 1976ರಲ್ಲಿ ಆರಂಭವಾಯಿತು. ಕನ್ನಡ, ತುಳು, ಕೊಂಕಣಿ ಮೂರನ್ನೂ ಕೇಳಿಸುವ ಈ ನಿಲಯ ಎಫ್‌ಎಂನಲ್ಲಿ ಸಿಗುವುದು 100.3 ಮೆಗಾಹರ್ಟ್ಸ್‌ನಲ್ಲಿ. ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ದೃಷ್ಟಿ ಹರಿದಂತೆ ನೇರವಾಗಿ ಸಾಗುತ್ತವೆ. ಗುಡ್ಡೆ ಅಡ್ಡ ಬಂದರೆ ಅದರ ಹಿಂದಿನ ತಗ್ಗಿಗೆ ತೆಳುವಾಗಿಯಷ್ಟೇ ಇಳಿಯುತ್ತವೆ. ಕೆದಂಬಾಡಿಯಿಂದ ಮಂಗಳೂರು ನೇರ ಗೆರೆಯಲ್ಲೇ 40 ಕಿ.ಮೀ.ಗಿಂತ ದೂರ. ನಡುವೆ ಗುಡ್ಡೆಯ ಮೇಲೆ ಗುಡ್ಡೆ. ಅಡಿಕೆ ತೋಟದ ಪಕ್ಕ, ಬೈಲಿನಲ್ಲಿ ಮನೆಯಿದ್ದರೆ ಗೊರಗೊರ ಸದ್ದೇ ಜಾಸ್ತಿ. ಅದೇ ಸೆಟ್ಟನ್ನು ಗುಡ್ಡೆ ಮೇಲಿನ ನೆಂಟರ ಮನೆಯಲ್ಲಿಟ್ಟರೆ ಸ್ವರ ಸ್ಪಷ್ಟ.

ಇದಕ್ಕೆ ಮದ್ದು ಸೆಟ್ಟಿನ ಬೆನ್ನಿಗೇ ಇದೆ. ಅಲ್ಲಿನ ಆ್ಯಂಟೆನಾ ತೂತಿಗೆ ಸಿಕ್ಕಿಸಲೆಂದು ಪೆಟ್ಟಿಗೆಯ ಜೊತೆ ಒಂದು ತೆಳು ವಯರು ಬಂದಿರುತ್ತದೆ. ಅನೇಕರು ಅದನ್ನು ಸುತ್ತಿದಲ್ಲಿಗೇ ಬಿಟ್ಟಿರುತ್ತಾರೆ. ಪೂರ್ತಿ ಬಿಡಿಸಿ, ಗೋಡೆಯಲ್ಲಿ ಸಾಧ್ಯವಾದಷ್ಟು ಎತ್ತರಕ್ಕೆ ಚಾಚಿ ಅಂಟಿಸಬೇಕು. 100 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗ, ಅಂದರೆ 75 ಸೆಂ.ಮೀ. ಉದ್ದದ ಒಂದೊಂದು ತೋಳು ಎರಡೂ ಕಡೆಗೆ ಚಾಚಿರುವ, ಇಂಗ್ಲಿಷಿನ ‘ಟಿ’ ಅಕ್ಷರದಂಥ ವಯರು ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಕೆದಂಬಾಡಿಗೆ ಮಂಗಳೂರು ಪಡುವಣ ದಿಕ್ಕಿಗೆ, ತುಸು ಬಡಗಿಗೆ ವಾಲಿ ಇದೆ. ಆದ್ದರಿಂದ ತೋಳುಗಳನ್ನು ತೆಂಕು-ಬಡಗಾಗಿ ಚಾಚಿ ನೋಡುವುದು ಒಳ್ಳೆಯದು. ಆಗಲೂ ಸರಿಹೋಗದಿದ್ದರೆ ಒಂದು ತೋಳನ್ನು ನೆಟ್ಟಗೆ ಇಳಿಬಿಟ್ಟು ಪರೀಕ್ಷಿಸಬಹುದು. ಒಂದು ಗೇಣು ಸರಿಸಿದರೂ ಸ್ವರ ಬದಲಾಗುವುದುಂಟು.

ಇನ್ನೂ ಗೊರಗೊರ ಉಳಿದಿದ್ದರೆ ‘ಮೋನೊ’ ಎಂಬ ಬಟನ್ ಹುಡುಕಬೇಕು; ಕೆಲವು ಸೆಟ್ಟುಗಳಲ್ಲಿ ಅದು ರಿಮೋಟ್‌ನಲ್ಲಿ ‘ಎಫ್‌ಎಂ ಮೋಡ್’ ಎಂದಿರುತ್ತದೆ. ಎಡ-ಬಲ ಎರಡು ಸ್ವರಗಳನ್ನು ಬೇರೆಬೇರೆಯಾಗಿ ಬಿಡಿಸಿ ಕೊಡಲು ಸ್ಟೀರಿಯೊಗೆ ಬಲವಾದ ಸಿಗ್ನಲ್ ಬೇಕು. ತೆಳು ಸಿಗ್ನಲ್‌ನಲ್ಲಿ ಬಿಡಿಸಹೊರಟರೆ ಗದ್ದಲವೂ ಜೊತೆಗೇ ಬರುತ್ತದೆ. ಮೋನೊ ಒತ್ತಿದೊಡನೆ ಗದ್ದಲ ಕುಸಿದು ವಾರ್ತೆ ಓದುವವರ ಮಾತು ಹತ್ತಿರ ಬರುತ್ತದೆ. ಮಾತು, ತಾಳಮದ್ದಳೆ ಕೇಳುವುದಕ್ಕೆ ಮೋನೊದಿಂದ ಏನೂ ನಷ್ಟವಿಲ್ಲ.

ಮೀಡಿಯಂ ವೇವ್‌ನದು ಬೇರೆ ಕತೆ. ಕರಾವಳಿಯವರು ದಶಕಗಳ ಕಾಲ ಮಂಗಳೂರು ನಿಲಯವನ್ನು ಕೇಳಿದ್ದು 1089 ಕಿಲೋಹರ್ಟ್ಸ್‌ನಲ್ಲಿ. ನಮ್ಮ ದೇಶದಲ್ಲಿ ನಿಲಯಗಳ ನಡುವಿನ ಅಂತರ 9 ಕಿಲೋಹರ್ಟ್ಸ್, ಅಮೆರಿಕದಲ್ಲಿ 10. ಅಲ್ಲಿಂದ ತಂದ ಡಿಜಿಟಲ್ ಸೆಟ್ಟು 1080ರಿಂದ 1090ಕ್ಕೆ ಹಾರುತ್ತದೆ, 1089ರಲ್ಲಿ ನಿಲ್ಲುವುದೇ ಇಲ್ಲ. ಕೆಲವು ಸೆಟ್ಟುಗಳಲ್ಲಿ ಇದನ್ನು ಬದಲಿಸುವ ಸ್ವಿಚ್ ಇರುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ: ಅಮೆರಿಕದ ಸೆಟ್ಟು 120 ವೋಲ್ಟಿನದು. ಹಿಂಬದಿಯ ಬರಹ ಓದದೆ ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಕ್ಷಣದಲ್ಲಿ ಸುಟ್ಟುಹೋಗಬಹುದು. ಗಲ್ಫಿನ ಸೆಟ್ಟುಗಳಿಗೆ ಸಾಮಾನ್ಯವಾಗಿ ಈ ತೊಡಕಿಲ್ಲ.

ಇನ್ನು ಸಿಡಿ. ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿದ ಇದು ಮಾರುಕಟ್ಟೆಗೆ ಬಂದದ್ದು 1982ರಲ್ಲಿ. 12 ಸೆಂ.ಮೀ. ಅಗಲದ ತಟ್ಟೆಯಲ್ಲಿ 5 ಕಿ.ಮೀ.ಗೂ ಉದ್ದದ ಒಂದೇ ಗೆರೆ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಲೇಸರ್ ಕಿರಣ ಅದನ್ನು ನಡುವಿನಿಂದ ಹೊರಕ್ಕೆ ಓದುತ್ತಾ ಹೋಗುತ್ತದೆ. ತಟ್ಟೆಯನ್ನು ಒರೆಸುವ ರೀತಿಗೂ ಈ ಗೆರೆಗೂ ಸಂಬಂಧವಿದೆ. ಹೆಚ್ಚಿನವರು ಊಟದ ಬಟ್ಟಲು ಉಜ್ಜಿದಂತೆ ಸುತ್ತ ಒರೆಸುತ್ತಾರೆ. ಆಗ ಬೀಳುವ ಗೀರು ಗೆರೆಯ ಗುಂಟವೇ ಬಿದ್ದು ಬಹಳಷ್ಟು ಮಾಹಿತಿಯನ್ನು ಒಟ್ಟಿಗೇ ನುಂಗುತ್ತದೆ, ಪ್ಲೇಯರ್ ತಡವರಿಸುತ್ತದೆ. ಮಧ್ಯದ ತೂತಿನಿಂದ ಅಂಚಿಗೆ ನೇರವಾಗಿ ಒರೆಸಿದರೆ, ಗೀರು ಬಿದ್ದರೂ ಅದು ಗೆರೆಯನ್ನು ಅಡ್ಡ ದಾಟುತ್ತದೆ. ಅಷ್ಟು ಸಣ್ಣ ಕೊರತೆಯನ್ನು ಪ್ಲೇಯರ್ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಹಳೆಯ ಮೆತ್ತನೆಯ ಹತ್ತಿ ಬಟ್ಟೆ, ಬೇಕಿದ್ದರೆ ತುಸು ನೀರು ಸಾಕು.

ಹೊಳೆಯುವ ಬದಿಯನ್ನು ಜೋಪಾನ ಮಾಡಿ, ಹೆಸರು ಅಚ್ಚಾದ ಬದಿಯನ್ನು ಮೇಜಿನ ಮೇಲೆ ಎಳೆದಾಡುವವರಿದ್ದಾರೆ. ನಿಜವಾದ ಅಪಾಯ ಇರುವುದು ಅಲ್ಲೇ. ಮಾಹಿತಿಯ ಪದರ ಇರುವುದು ಹೆಸರಿನ ಬದಿಗೆ, ತೆಳು ಲೇಪದ ಕೆಳಗೆ. ಅದು ಕಿತ್ತುಹೋದರೆ ಮತ್ತೆ ಬರುವುದಿಲ್ಲ.

‘ನೋ ಡಿಸ್ಕ್’ ಎಂದು ತೋರಿಸಿದರೆ ಗಾಬರಿ ಬೇಡ. ಮಳೆಗಾಲದ ತೇವಕ್ಕೆ ಲೆನ್ಸಿನ ಮೇಲೆ ಮಂಜು ಕೂತಿರಬಹುದು. ಸಿಡಿ ಹೊರಗೆ ತೆಗೆದು, ಸೆಟ್ಟನ್ನು ಒಂದೆರಡು ಗಂಟೆ ಹಾಗೇ ಆನ್ ಮಾಡಿಟ್ಟರೆ ಒಳಗಿನ ಬಿಸಿಗೆ ಅದು ಆರುತ್ತದೆ. ತಟ್ಟೆಯದೇ ಜಾತಿ ಬೇರೆಯಾಗಿರುವುದೂ ಉಂಟು. ಮಾಮೂಲಿ ಆಡಿಯೊ ಸಿಡಿಯಲ್ಲಿ ಹಿಡಿಯುವುದು ಸುಮಾರು 74 ನಿಮಿಷ. ಮೂರು ಗಂಟೆಯ ತಾಳಮದ್ದಳೆಗೆ ಮೂರು ಸಿಡಿ ಬೇಕು. ಎಂಪಿ3 ಆದರೆ ಒಂದರಲ್ಲೇ ಹತ್ತು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಆದರೆ ಹಳೆಯ ಸೆಟ್ಟುಗಳಿಗೆ ಎಂಪಿ3 ಓದಲು ಬರುವುದಿಲ್ಲ. ಸೆಟ್ಟಿನ ಮುಖದ ಮೇಲೆ ‘ಎಂಪಿ3’ ಎಂದು ಬರೆದಿದೆಯೇ ಎಂದು ನೋಡಿಕೊಂಡರೆ ರಿಪೇರಿ ಅಂಗಡಿಗೆ ಹೊತ್ತೊಯ್ಯುವ ಕೆಲಸ ತಪ್ಪುತ್ತದೆ.

ಸ್ಪೀಕರ್ ವಯರಿನ ಒಂದು ಸಣ್ಣ ತಪ್ಪು ಮದ್ದಳೆಯನ್ನೇ ಕೊಲ್ಲುತ್ತದೆ. ಕೆಂಪು ಕ್ಲಿಪ್ಪಿಗೆ ಕೆಂಪು, ಕಪ್ಪಿಗೆ ಕಪ್ಪು ವಯರು ಹೋಗಬೇಕು. ಒಂದು ಸ್ಪೀಕರಿನಲ್ಲಿ ಅದು ಅದಲುಬದಲಾದರೆ, ಒಂದರ ಕಾಗದದ ಕೋನು ಮುಂದೆ ತಳ್ಳುವಾಗ ಇನ್ನೊಂದರದು ಹಿಂದೆ ಸರಿಯುತ್ತದೆ. ಎರಡೂ ಒಂದನ್ನೊಂದು ಅಳಿಸಿ, ಚೆಂಡೆಯ ಚುರುಕು ಉಳಿದರೂ ಮದ್ದಳೆಯ ಆಳದ ನಾದ ಮಾಯವಾಗುತ್ತದೆ. ವಯರು ಸರಿಪಡಿಸುವ ಮೊದಲು ಪ್ಲಗ್ ತೆಗೆದಿರಬೇಕು. ತಾಮ್ರದ ಒಂದು ಎಳೆಯೂ ಪಕ್ಕದ ಕ್ಲಿಪ್ಪಿಗೆ ತಾಗಬಾರದು.

ಇಂದಿನ ಮಕ್ಕಳ ಮೊಬೈಲನ್ನೂ ಈ ಸೆಟ್ಟು ಹಾಡಿಸಬಲ್ಲುದು. ‘ಆಕ್ಸ್’ ಎಂದಿರುವ ತೂತಿಗೆ ವಯರು ಸಿಕ್ಕಿಸಿ, ‘ಫಂಕ್ಷನ್’ ಬಟನನ್ನು ಆಕ್ಸ್ ಬರುವ ತನಕ ಒತ್ತಬೇಕು. ಆಕಾಶವಾಣಿಯ ‘ನ್ಯೂಸ್ ಆನ್ ಏರ್’ ಆ್ಯಪ್ ಇದ್ದರೆ, ಗುಡ್ಡೆ ಅಡ್ಡವಿರುವ ಮನೆಯಲ್ಲೂ ರೇಡಿಯೊ ಕೇಳಬಹುದು. ನೆಟ್‌ವರ್ಕ್ ಸಿಗಬೇಕು, ಅಷ್ಟೆ.

ಒಂದು ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಮಳೆ ಹಿಡಿಯುವ ಮೊದಲು ಏಪ್ರಿಲ್-ಮೇ, ಮಳೆ ಬಿಡುವಾಗ ಅಕ್ಟೋಬರ್, ಈ ಸೀಮೆಯ ಸಿಡಿಲಿನ ಕಾಲ. ರಿಮೋಟ್‌ನಲ್ಲಿ ಆಫ್ ಮಾಡಿದ ಸೆಟ್ಟಿಗೆ ಕರೆಂಟು ಹರಿಯುತ್ತಲೇ ಇರುತ್ತದೆ. ಮೂಲೆಯ ಕೆಂಪು ದೀಪವೇ ಅದಕ್ಕೆ ಸಾಕ್ಷಿ. ಗುಡುಗು ದೂರದಲ್ಲಿರುವಾಗಲೇ ಪ್ಲಗ್ಗನ್ನು ಗೋಡೆಯಿಂದ ಕೀಳಬೇಕು, ಮಾಡಿನ ಮೇಲಕ್ಕೆ ಆ್ಯಂಟೆನಾ ಎಳೆದಿದ್ದರೆ ಅದರ ವಯರನ್ನೂ ಬೇರ್ಪಡಿಸಬೇಕು. ಗುಡುಗು ತಲೆಯ ಮೇಲೆ ಬಂದ ಮೇಲೆ ಎರಡನ್ನೂ ಮುಟ್ಟಬಾರದು. ಮತ್ತೆ ಪ್ಲಗ್ ಹಾಕಿದಾಗ ಗಡಿಯಾರ ಸೊನ್ನೆಯಲ್ಲಿ ಮಿಣುಕುತ್ತಿರುತ್ತದೆ, ಕೆಲವು ಸೆಟ್ಟುಗಳಲ್ಲಿ ಉಳಿಸಿಟ್ಟ ಸ್ಟೇಷನ್‌ಗಳೂ ಅಳಿಸಿಹೋಗಿರುತ್ತವೆ. 100.3ಕ್ಕೆ ತಂದು, ‘ಮೆಮೊರಿ’ ಒತ್ತಿ, 1 ಎಂಬ ಅಂಕೆ ಕಂಡಾಗ ಇನ್ನೊಮ್ಮೆ ಒತ್ತಿದರೆ, ಮರುದಿನ ಬೆಳಿಗ್ಗೆ ಅಜ್ಜಿಗೂ ಒಂದೇ ಬಟನ್ನಿಗೆ ಮಂಗಳೂರು ಸಿಗುತ್ತದೆ.